‘ದೀಪ ಹಿಡಿದ ಮಹಿಳೆ’ ಯಾರು?: ಹಳದಣಕರರ ಒಂದು ಮನೆಯ ಚಿತ್ರವನ್ನು ಕುರಿತು

೧

ಇತಿಹಾಸದ ವಿದ್ಯಾರ್ಥಿಗಳಿಗೆ ಆಧಾರ ಸಾಮಗ್ರಿಯ ಪರಿಚಯ ಮಾಡಿಕೊಡುವಾಗ ಶಾಸನ, ಫರ್ಮಾನು, ಬಖರು, ಕೈಫಿಯತ್ತುಗಳಿಂದ ಆರಂಭಿಸುವುದು ವಾಡಿಕೆ. ಕಳೆದ ವರ್ಷ ನಾವು ಈ ವಾಡಿಕೆಯನ್ನು ತುಸು ಬದಲಿಸಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಗೋಡೆಯ ಮೇಲಿರುವ ಒಂದು ಹಳೆಯ ಚಿತ್ರವನ್ನು ಕುರಿತು ಮೂರು ಸಂಗತಿಗಳನ್ನು ಬರೆದು ತರಬೇಕೆಂದು ಸೂಚಿಸಿದೆವು: ಚಿತ್ರದಲ್ಲಿರುವವರು ಯಾರು, ಅದನ್ನು ಮಾಡಿದವರು ಯಾರು, ಅದು ಮನೆಗೆ ಬಂದುದು ಎಂದು. ವಿಜಯಪುರ ನಗರದಿಂದಲೂ ತಿಕೋಟಾ, ಬಬಲೇಶ್ವರಗಳ ಕಡೆಯಿಂದಲೂ ಬರುವ ನಮ್ಮ ವಿದ್ಯಾರ್ಥಿಗಳು ತಂದ ಬರಹಗಳಲ್ಲಿ ಎರಡು ಅಂಶಗಳು ನಮ್ಮ ಗಮನವನ್ನು ಸೆಳೆದವು.

ಮೊದಲನೆಯದು: ಮನೆಯ ಹಿರಿಯ ಗಂಡಸರ ಭಾವಚಿತ್ರವನ್ನು ಕುರಿತು ಬರೆದವರು ಹೆಸರು, ಅಡ್ಡಹೆಸರು, ಕೆಲವೆಡೆ ತೀರಿಕೊಂಡ ತಿಥಿಯನ್ನು ಸಹ ಬರೆದಿದ್ದರು. ಹಿರಿಯ ಹೆಂಗಸರ ಚಿತ್ರಗಳಿಗಾದರೋ ‘ಅಜ್ಜಿ’, ‘ಆಯಿ’, ‘ಅಪ್ಪನ ಅಜ್ಜಿ’ ಎಂಬ ಸಂಬಂಧವಾಚಕವೇ ಸಾಕೆನಿಸಿತ್ತು. ಎರಡನೆಯದು: ಒಂದಕ್ಕಿಂತ ಹೆಚ್ಚು ಮನೆಗಳಿಂದ ಒಂದೇ ಚಿತ್ರದ ವರ್ಣನೆ ಬಂದಿತ್ತು. ಕತ್ತಲೆಯಲ್ಲಿ ಸೀರೆಯುಟ್ಟು ನಿಂತ ಒಬ್ಬ ಹೆಂಗಸು. ಒಂದು ಕೈಯಲ್ಲಿ ದೀಪ. ಇನ್ನೊಂದು ಕೈ ದೀಪಕ್ಕೆ ಮರೆ. ಹಿಂದೆ ಕ್ಯಾಲೆಂಡರಾಗಿ ಬಂದು, ತಿಂಗಳ ಹಾಳೆಗಳು ಹರಿದುಹೋದ ಮೇಲೆ ಕಟ್ಟು ಹಾಕಿಸಿಕೊಂಡು ಪಡಸಾಲೆಯಲ್ಲಿ ನಿಂತ ಚಿತ್ರ ಅದು. ಮಾಡಿದವರು ಯಾರೆಂಬ ಪ್ರಶ್ನೆಗೆ ‘ರವಿವರ್ಮ’ ಎಂಬ ಉತ್ತರವಿತ್ತು. ಚಿತ್ರದಲ್ಲಿರುವವರು ಯಾರೆಂಬ ಪ್ರಶ್ನೆಗೆ ಒಬ್ಬರು ‘ದೀಪಲಕ್ಷ್ಮಿ’ ಎಂದೂ, ಇನ್ನೊಬ್ಬರು ‘ಯಾರೂ ಅಲ್ಲ, ಬರೀ ಚಿತ್ರ’ ಎಂದೂ ಬರೆದಿದ್ದರು.

ಈ ಎರಡು ಅಂಶಗಳು ಮೇಲುನೋಟಕ್ಕೆ ಬೇರೆ ಬೇರೆಯಾಗಿ ತೋರಿದರೂ ಮೂಲತಃ ಒಂದೇ ಎಂಬುದು ನಮ್ಮ ಅಭಿಪ್ರಾಯ. ಆ ಚಿತ್ರವನ್ನು ಮಾಡಿದವರು ರವಿವರ್ಮರಲ್ಲ, ಸಾವಳಾರಾಮ ಲಕ್ಷ್ಮಣ ಹಳದಣಕರರು. ಅದರಲ್ಲಿ ನಿಂತಿರುವವರು ಅವರ ಮಗಳು, ಗೀತಾ. ಈ ಎರಡು ಹೆಸರುಗಳನ್ನು ಅವುಗಳ ಸ್ಥಾನದಲ್ಲಿ ಇರಿಸಿದ ಕೂಡಲೆ ಚಿತ್ರದ ಅರ್ಥವೂ ಬದಲಾಗುತ್ತದೆ. ಅದು ಹೇಗೆಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಹಳದಣಕರರು ೧೮೮೨ರಲ್ಲಿ ಸಾವಂತವಾಡಿಯಲ್ಲಿ ಜನಿಸಿದರು. ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಶಿಕ್ಷಣ ಪಡೆದು, ಅದೇ ನಗರದಲ್ಲಿ ತಮ್ಮ ಹೆಸರಿನ ಚಿತ್ರಕಲಾ ಸಂಸ್ಥೆಯನ್ನು ನಡೆಸಿದರು, ೧೯೧೮ರಲ್ಲಿ ‘ಆರ್ಟ್ ಸೊಸೈಟಿ ಆಫ್ ಇಂಡಿಯಾ’ವನ್ನು ಸ್ಥಾಪಿಸಿದವರಲ್ಲಿ ಒಬ್ಬರಾದರು, ೧೯೬೮ರಲ್ಲಿ ನಿಧನರಾದರು. ತೈಲವರ್ಣ, ಜಲವರ್ಣ ಎರಡರಲ್ಲಿಯೂ ಅವರ ಕೈ ಪಳಗಿದ್ದಿತು. ನಮ್ಮ ಪ್ರಸ್ತುತ ಚಿತ್ರವು ಜಲವರ್ಣದ್ದು; ೧೯೪೫-೪೬ರ ಸುಮಾರಿಗೆ ರಚಿತವಾದುದು. ಇಂದು ಅದು ಮೈಸೂರಿನ ಜಗನ್ಮೋಹನ ಅರಮನೆಯ ಜಯಚಾಮರಾಜೇಂದ್ರ ಚಿತ್ರಶಾಲೆಗೆ ಸೇರಿದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಗ್ಲೋ ಆಫ್ ಹೋಪ್’ ಎಂದೂ ‘ವುಮನ್ ವಿತ್ ದ ಲ್ಯಾಂಪ್’ ಎಂದೂ ಎರಡು ಹೆಸರುಗಳು ರೂಢಿಯಲ್ಲಿವೆ.

ರವಿವರ್ಮರು ೧೯೦೬ರಲ್ಲಿಯೇ ತೀರಿಕೊಂಡರು. ಆದುದರಿಂದ ಈ ಚಿತ್ರ ಅವರದಾಗಿರುವುದು ಕಾಲದೃಷ್ಟಿಯಿಂದ ಅಸಂಭವ. ಹೀಗಿದ್ದೂ ಈ ತಪ್ಪು ಇಷ್ಟು ಗಟ್ಟಿಯಾಗಿ ನೆಲೆಯೂರಲು ಕಾರಣಗಳಿಲ್ಲದೆ ಇಲ್ಲ. ಮೈಸೂರಿನ ಅರಸರ ಆಶ್ರಯದಲ್ಲಿ ರವಿವರ್ಮರು ಚಿತ್ರಗಳನ್ನು ರಚಿಸಿದರು. ಅವರ ಕೃತಿಗಳು ಅದೇ ಜಗನ್ಮೋಹನ ಅರಮನೆಯಲ್ಲಿವೆ. ಒಂದೇ ಸೂರಿನಡಿ ನೋಡಿದುದು ಒಬ್ಬನದೇ ಎಂದು ನೆನಪು ಕೂಡಿಸಿಬಿಡುತ್ತದೆ. ಮೇಲಾಗಿ, ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮರ ಕಲ್ಲಚ್ಚಿನ ಮುದ್ರಣಾಲಯವು ಲಕ್ಷ್ಮೀ ಸರಸ್ವತಿಯರನ್ನು ಮನೆಮನೆಗೆ ತಲುಪಿಸಿದುದರಿಂದ, ಸೀರೆಯುಟ್ಟ ಸುಂದರ ಸ್ತ್ರೀಯ ಬಣ್ಣದ ಅಚ್ಚೆಲ್ಲವೂ ‘ರವಿವರ್ಮನ ಚಿತ್ರ’ ಎಂಬ ಒಂದೇ ಮಾತಿನಲ್ಲಿ ಅಡಗಿತು. ಅದೊಂದು ವ್ಯಕ್ತಿಯ ಹೆಸರಾಗಿ ಉಳಿಯದೆ ಒಂದು ಬಗೆಯ ಸರಕಿನ ಹೆಸರಾಯಿತು.

ಇದನ್ನು ಸಣ್ಣ ತಪ್ಪೆಂದು ಕಡೆಗಣಿಸುವಂತಿಲ್ಲ. ಚಿತ್ರಕಾರನ ಹೆಸರು ತಪ್ಪಿದರೆ ಆತನಿಗೂ ಚಿತ್ರದಲ್ಲಿರುವವರಿಗೂ ಇದ್ದ ಸಂಬಂಧ ಕಡಿದುಹೋಗುತ್ತದೆ. ರವಿವರ್ಮರದೆಂದ ಮೇಲೆ ಆಕೆ ಮಗಳಾಗಿ ಉಳಿಯಲಾರಳು. ಹೆಚ್ಚೆಂದರೆ ಲಕ್ಷ್ಮಿಯಾಗುತ್ತಾಳೆ, ಇಲ್ಲವೆ ‘ಯಾರೂ ಅಲ್ಲ’.

೩

ವಿಜಯಪುರದಲ್ಲಿ ಕುಳಿತು ಇದನ್ನು ಬರೆಯುವ ನಮಗೆ, ಈ ನೆಲದ ಚಿತ್ರಪರಂಪರೆಯಲ್ಲಿ ಕುಟುಂಬವನ್ನು ಹೇಗೆ ಕಂಡರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದಿಲಶಾಹಿ ಆಸ್ಥಾನವು ಭಾವಚಿತ್ರ ಕಲೆಯಲ್ಲಿ ಬಡವಾಗಿರಲಿಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹನ (ಆಳ್ವಿಕೆ ೧೫೮೦–೧೬೨೭) ಭಾವಚಿತ್ರಗಳು ಭಾರತೀಯ ಕಲೆಯ ಉತ್ತಮೋತ್ತಮ ಕೃತಿಗಳಲ್ಲಿ ಎಣಿಕೆಯಾಗುತ್ತವೆ. ಆದರೆ ಆ ಪರಂಪರೆಯ ಪ್ರಸಿದ್ಧ ‘ಕುಟುಂಬ ಚಿತ್ರ’ ಯಾವುದು? ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಚಿತ್ರಕಾರರು ೧೬೮೦ರಲ್ಲಿ ರಚಿಸಿದ, ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ‘ಬಿಜಾಪುರದ ಮನೆತನ’. ಅದರಲ್ಲಿ ಸ್ಥಾಪಕ ಯೂಸುಫನಿಂದ ಬಾಲಕ ಸಿಕಂದರನವರೆಗೆ ಒಂಬತ್ತು ಸುಲ್ತಾನರು ಒಟ್ಟಿಗೆ ಆಸೀನರಾಗಿದ್ದಾರೆ. ಸುಮಾರು ಎರಡು ಶತಮಾನಗಳ ಅಂತರದಲ್ಲಿ ಬಾಳಿದವರು ಒಂದೇ ಬಯಲಿನಲ್ಲಿ ಕುಳಿತಿರುವುದು ಮನೆಯ ಸಂಗತಿಯಲ್ಲ, ವಂಶಾವಳಿಯ ಸಂಗತಿ. ಅಲ್ಲಿ ತಾಯಿಯಿಲ್ಲ, ಮಡದಿಯಿಲ್ಲ, ಮಗಳಿಲ್ಲ. ಚಿತ್ರ ಮುಗಿದ ಆರು ವರ್ಷಗಳಲ್ಲಿ, ೧೬೮೬ರಲ್ಲಿ, ಔರಂಗಜೇಬನ ಸೈನ್ಯಕ್ಕೆ ನಗರ ಶರಣಾಯಿತು.

ಹೆಂಗಸರ ಚಿತ್ರಗಳೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಬಿಜಾಪುರದಲ್ಲಿ ರಚಿತವಾಗಿ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ, ಮೈನಾ ಹಕ್ಕಿಯೊಡನೆ ನಿಂತ ಯೋಗಿನಿಯ ಚಿತ್ರವನ್ನು ಒಮ್ಮೆ ಕಂಡವರು ಮರೆಯಲಾರರು. ಆದರೆ ಆಕೆ ಯೋಗಿನಿ. ಒಂದು ಭಾವದ ಪ್ರತೀಕ. ಚಾಂದಬೀಬಿ ಕುದುರೆಯೇರಿ ಡೇಗೆಯನ್ನು ಹಿಡಿದಿರುವ ಪ್ರಸಿದ್ಧ ಚಿತ್ರಗಳು ಆಕೆಯ ಕಾಲಕ್ಕೆ ಬಹಳ ಈಚಿನವು. ಅವು ಕಂಡ ಮುಖವನ್ನಲ್ಲ, ಕೇಳಿದ ಕೀರ್ತಿಯನ್ನು ಬರೆದಂಥವು. ಮನೆಯವರೆಲ್ಲ ಕೂಡಿರುವುದನ್ನು ಕಾಣಬೇಕಾದರೆ ನಾವು ಗೋಳಗುಮ್ಮಟಕ್ಕೇ ಹೋಗಬೇಕು. ಅಲ್ಲಿ ೧೬೫೬ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಸುತ್ತ ಅವನ ಬೇಗಮರು, ರಂಭಾ, ಮಗಳು, ಮೊಮ್ಮಗ ಇವರ ಗೋರಿಗಳಿವೆ. ಬಾಳಿನಲ್ಲಿ ಚಿತ್ರಕ್ಕೆ ಬಾರದ ಸಂಸಾರವು ಸಾವಿನಲ್ಲಿ ಕಲ್ಲಿಗೆ ಬಂದಿದೆ.

ಇದನ್ನು ನಾವು ದೋಷವೆಂದು ಹೇಳುತ್ತಿಲ್ಲ. ಆಸ್ಥಾನದ ಕಲೆಗೆ ಆಸ್ಥಾನದ ಮರ್ಯಾದೆಯಿರುತ್ತದೆ. ಅಂತಃಪುರದ ಬಾಗಿಲು ಚಿತ್ರಕಾರನಿಗೆ ತೆರೆದಿರಲಿಲ್ಲ. ಚಿತ್ರಕಾರನು ತನ್ನ ಮನೆಯೊಳಗೆ, ತನ್ನ ಮಗಳನ್ನು, ಯಾರ ಅಪ್ಪಣೆಯೂ ಇಲ್ಲದೆ ಬರೆಯುವುದು ಬೇರೆಯೇ ಒಂದು ಕಾಲದ ಕಾರ್ಯವೆಂಬುದನ್ನು ತೋರಿಸುವುದಷ್ಟೇ ನಮ್ಮ ಉದ್ದೇಶ.

೪

ಈಗ ಚಿತ್ರಕ್ಕೆ ಬರೋಣ. ಹೆಂಗಸು ಎದ್ದು ನಿಂತಿದ್ದಾಳೆ. ಕೈಯಲ್ಲಿಯ ದೀಪವೊಂದೇ ಬೆಳಕಿಗೆ ಮೂಲ. ಆಕೆಯ ಇನ್ನೊಂದು ಕೈ ಜ್ವಾಲೆಗೆ ಅಡ್ಡವಾಗಿರುವುದರಿಂದ ಬೆಳಕು ನಮ್ಮ ಕಣ್ಣಿಗೆ ಬೆರಳುಗಳನ್ನು ದಾಟಿಕೊಂಡು ಬರುತ್ತದೆ. ಬೆರಳುಗಳ ಅಂಚು ಕೆಂಪೇರಿದೆ. ಅಲ್ಲಿಂದ ಮೇಲಕ್ಕೆ ಮುಖ ಬೆಳಗಿದೆ. ಸೀರೆಯ ನಿರಿಗೆಗಳು ಕೆಳಗಿಳಿದಂತೆ ಕತ್ತಲೆಯಲ್ಲಿ ಕರಗುತ್ತವೆ. ಕೋಣೆಯ ಸಾಮಾನು ಸರಂಜಾಮು ಯಾವುದನ್ನೂ ಚಿತ್ರಕಾರರು ಬರೆದಿಲ್ಲ. ಮನೆಯಿದೆಯೆಂದು ನಮಗೆ ತಿಳಿಯುವುದು ಆ ಕೈಯ ಕೆಲಸದಿಂದ ಮಾತ್ರ.

ಜಲವರ್ಣದ ವಿಧಾನವನ್ನು ಬಲ್ಲವರಿಗೆ ಇಲ್ಲಿಯ ಸಾಹಸ ಸ್ಪಷ್ಟವಾಗುತ್ತದೆ. ತೈಲವರ್ಣದಲ್ಲಿ ಕತ್ತಲೆಯ ಮೇಲೆ ಬೆಳಕನ್ನು ಹಚ್ಚಬಹುದು. ತಪ್ಪಿದುದನ್ನು ಕೆರೆದು ಮತ್ತೆ ಬರೆಯಬಹುದು. ಪಾರದರ್ಶಕ ಜಲವರ್ಣದಲ್ಲಿ ಬಿಳುಪೆಂದರೆ ಕಾಗದದ ಬಿಳುಪೇ. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣವನ್ನು ಮೊದಲಿನಿಂದಲೇ ಬಿಟ್ಟಿರಬೇಕು, ಇಲ್ಲವೆ ಅತಿ ತೆಳುವಾಗಿ ಹಾಯಿಸಿರಬೇಕು. ಸುತ್ತ ಕತ್ತಲೆಯನ್ನು ಪದರಪದರವಾಗಿ ಕೂಡಿಸುತ್ತ ಬರಬೇಕು. ಒಮ್ಮೆ ಕತ್ತಲೆಯಾದ ಸ್ಥಳವನ್ನು ಮರಳಿ ಬೆಳಗಿಸುವುದು ಬಹು ಕಷ್ಟ. ಎಂದರೆ, ಕುಂಚವನ್ನು ಅದ್ದುವ ಮುನ್ನವೇ ಚಿತ್ರಕಾರನು ಬೆಳಕಿನ ಪ್ರತಿಯೊಂದು ನೆಲೆಯನ್ನೂ ಗೊತ್ತುಮಾಡಿಕೊಂಡಿರಬೇಕು. ಮಗಳ ಕೈ ಜ್ವಾಲೆಯನ್ನು ಗಾಳಿಯಿಂದ ಕಾಯುತ್ತಿದೆ; ತಂದೆಯ ಕೈ ಕಾಗದದ ಬಿಳುಪನ್ನು ಬಣ್ಣದಿಂದ ಕಾಯುತ್ತಿದೆ. ಈ ಎರಡು ಎಚ್ಚರಗಳು ಒಂದೇ ಹಾಳೆಯ ಮೇಲೆ ಕೂಡಿರುವುದು ಈ ಚಿತ್ರದ ಜೀವಾಳವೆಂದು ನಮಗೆ ತೋರುತ್ತದೆ.

ಕೈಮರೆಯ ದೀಪ ಹೊಸ ಕಲ್ಪನೆಯೇನಲ್ಲ. ಫ್ರಾನ್ಸಿನ ಜಾರ್ಜ್ ದ ಲ ತೂರ್ ೧೬೪೨ರ ಸುಮಾರಿಗೆ ರಚಿಸಿದ, ಪ್ಯಾರಿಸಿನ ಲೂವ್ರ್ ಸಂಗ್ರಹದಲ್ಲಿರುವ ‘ಬಡಗಿ ಸಂತ ಜೋಸೆಫ್’ ಚಿತ್ರದಲ್ಲಿ ಬಾಲಕ ಯೇಸು ಮೇಣದ ಬತ್ತಿಗೆ ಕೈಯಡ್ಡ ಹಿಡಿದಿದ್ದಾನೆ. ಅಲ್ಲಿಯೂ ಬೆರಳುಗಳನ್ನು ತೂರಿ ಬೆಳಕು ಬರುತ್ತದೆ. ಅಲ್ಲಿಯೂ ತಂದೆಯ ಸ್ಥಾನದಲ್ಲಿರುವವನೊಬ್ಬನು ಮಗುವನ್ನು ನೋಡುತ್ತಿದ್ದಾನೆ. ಅದು ರಚಿತವಾದುದು ಮುಹಮ್ಮದ್ ಆದಿಲಶಾಹನು ಇಲ್ಲಿ ಆಳುತ್ತಿದ್ದ ಕಾಲದಲ್ಲಿಯೇ ಎಂಬುದು ಗಮನಾರ್ಹ. ಭೇದವಿರುವುದು ಇಷ್ಟರಲ್ಲಿ: ಲ ತೂರನ ಚಿತ್ರದಲ್ಲಿ ನೋಡುವ ತಂದೆ ಚಿತ್ರದ ಒಳಗೇ ಇದ್ದಾನೆ, ಹಳದಣಕರರ ಚಿತ್ರದಲ್ಲಿ ಆತ ಹೊರಗೆ, ನಾವು ನಿಂತಿರುವ ಸ್ಥಳದಲ್ಲಿ ಕುಳಿತಿದ್ದಾನೆ. ಆಕೆಯನ್ನು ನೋಡುವ ನಾವೆಲ್ಲರೂ ಒಬ್ಬ ತಂದೆಯ ಆಸನದಿಂದಲೇ ನೋಡುತ್ತಿದ್ದೇವೆ.

೫

ದೀಪಾವಳಿಯ ಸಮಯದಲ್ಲಿ ಮಗಳು ದೀಪ ಹಿಡಿದು ಬಂದುದನ್ನು ಕಂಡು ತಂದೆಗೆ ಈ ಚಿತ್ರ ಹೊಳೆಯಿತೆಂದು ಹೇಳುತ್ತಾರೆ. ಕೇಳಿದವರ ಮನಸ್ಸಿನಲ್ಲಿ ಕೂಡಲೆ ಒಬ್ಬ ಎಳೆಯ ಹುಡುಗಿ ಮೂಡುತ್ತಾಳೆ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಗೀತಾ ಉಪಳೇಕರರು ೨೦೧೮ರ ಅಕ್ಟೋಬರಿನಲ್ಲಿ ಕೊಲ್ಹಾಪುರದಲ್ಲಿ ನಿಧನರಾದಾಗ ಅವರಿಗೆ ೧೦೨ ವರ್ಷ. ೧೯೪೫-೪೬ರಲ್ಲಿ ಚಿತ್ರ ರಚಿತವಾಯಿತೆಂದಾದರೆ ಆಗ ಅವರು ಮೂವತ್ತರ ಸಮೀಪದಲ್ಲಿದ್ದರು; ತಂದೆಗೆ ಅರುವತ್ತು ದಾಟಿತ್ತು. ಹಾಗಾದರೆ ಇದು ಬಾಲ್ಯದ ಮುಗ್ಧತೆಯ ಚಿತ್ರವಲ್ಲ. ಬೆಳೆದು ನಿಂತ ಮಗಳನ್ನು ವೃದ್ಧಾಪ್ಯದ ಹೊಸ್ತಿಲಿನಲ್ಲಿರುವ ತಂದೆ ನೋಡಿದ ಚಿತ್ರ. ದೀಪವನ್ನು ಕಾಯುವ ಆ ಕೈಯಲ್ಲಿ ಆಟವಿಲ್ಲ, ರೂಢಿಯಿದೆ. ಮುಖದಲ್ಲಿ ಬೆರಗಿಲ್ಲ, ನೆಮ್ಮದಿಯಿದೆ. ಈ ಸ್ಥಿರತೆಯನ್ನು ನಾವು ಹಿಂದೆ ‘ಆದರ್ಶೀಕರಣ’ವೆಂದು ತಿಳಿದಿದ್ದೆವು. ವಯಸ್ಸಿನ ಲೆಕ್ಕವನ್ನು ಹಿಡಿದ ಮೇಲೆ ಅದು ವಾಸ್ತವದ ನಿರೂಪಣೆಯೆಂದೇ ಒಪ್ಪಬೇಕಾಗಿದೆ.

ರವಿವರ್ಮರೂ ತಮ್ಮ ಮಗಳನ್ನು ಬರೆದವರೇ ಎಂಬುದನ್ನು ಇಲ್ಲಿ ನೆನೆಯಬೇಕು. ‘ಅಗೋ ಅಪ್ಪ ಬಂದರು’ ಎಂದು ನಾವು ಕನ್ನಡಿಸಬಹುದಾದ ಅವರ ೧೮೯೩ರ ತೈಲಚಿತ್ರದಲ್ಲಿ ಮಗಳು ಮಹಾಪ್ರಭಾ ಮಗುವನ್ನೆತ್ತಿಕೊಂಡು ನಿಂತಿದ್ದಾಳೆ. ತಾಯಿಯ ದೃಷ್ಟಿ ಚೌಕಟ್ಟಿನ ಹೊರಗೆ, ಬರುತ್ತಿರುವ ಮಗುವಿನ ತಂದೆಯ ಕಡೆಗಿದೆ. ಸೊಗಸಾದ ಚಿತ್ರವೇ ಅದು. ಆದರೆ ಅದರ ಕೇಂದ್ರ ಚಿತ್ರದಲ್ಲಿಲ್ಲ. ಕಾಣದ ಗಂಡಸಿನ ಆಗಮನದಲ್ಲಿದೆ. ಹಳದಣಕರರ ಮಗಳು ಯಾರನ್ನೂ ಇದಿರು ನೋಡುತ್ತಿಲ್ಲ. ಆಕೆಯ ಕೇಂದ್ರ ಆಕೆಯ ಕೈಗಳಲ್ಲಿಯೇ ಇದೆ. ಎರಡನ್ನೂ ಒಬ್ಬರದೇ ಎಂದು ಕರೆಯುವವರು ಈ ಭೇದವನ್ನು ಕಾಣುವ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ.

ಚಿತ್ರಕ್ಕೆ ರೂಢಿಯಲ್ಲಿರುವ ಹೆಸರುಗಳ ವಿಷಯವಾಗಿಯೂ ನಮಗೆ ಆಕ್ಷೇಪವಿದೆ. ‘ಭರವಸೆಯ ಬೆಳಕು’ ಎಂದೊಡನೆ ದೀಪವು ರೂಪಕವಾಗುತ್ತದೆ, ಹಿಡಿದವಳು ನೆಪವಾಗುತ್ತಾಳೆ. ‘ದೀಪ ಹಿಡಿದ ಮಹಿಳೆ’ ಎಂಬುದು ಇದಕ್ಕಿಂತ ಪ್ರಾಮಾಣಿಕ. ಆದರೂ ಅಲ್ಲಿ ಹೆಸರಿಲ್ಲ. ಎದೆಯ ಮಟ್ಟದಲ್ಲಿ ದೀಪವನ್ನು ಹಿಡಿದು ಕೈ ಅಲುಗಿಸದೆ ಚಿತ್ರಕಾರನ ಮುಂದೆ ನಿಲ್ಲುವುದು ದೇಹಶ್ರಮದ ಕೆಲಸ. ಆ ಕೆಲಸವನ್ನು ಮಾಡಿದವರು ಚಿತ್ರದ ಸಹಕರ್ತೃವೆಂದರೆ ಅತ್ಯುಕ್ತಿಯಾಗಲಾರದು. ಲಕ್ಷಾಂತರ ಜನ ಕಂಡ ಮುಖವೊಂದು ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಈ ನಾಡಿನಲ್ಲಿಯೇ ಬಾಳುತ್ತಿದ್ದಿತು. ಹೆಚ್ಚಿನವರಿಗೆ ಆ ಹೆಸರು ತಿಳಿದುದು ಮರಣವಾರ್ತೆಯಿಂದ.

೬

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಪರಿಶೀಲಿಸಬೇಕು. ಕೃತಿಯ ಬೆಲೆ ಅದರೊಳಗೇ ಇರಬೇಕಲ್ಲದೆ ಚರಿತ್ರೆಯ ಊರುಗೋಲನ್ನು ಅವಲಂಬಿಸಬಾರದೆಂದು ಸಾಹಿತ್ಯ ವಿಭಾಗದ ಮಿತ್ರರು ಹೇಳಬಹುದು. ಹೆಸರನ್ನು ತಿಳಿಯದೆಯೂ ಜನ ಈ ಚಿತ್ರವನ್ನು ಮೆಚ್ಚಿ ಮನೆಯಲ್ಲಿ ಇರಿಸಿಕೊಂಡರಲ್ಲವೆ? ಇದು ನಿಜ. ಬಬಲೇಶ್ವರದ ಕಡೆಯ ಒಂದು ಮನೆಯಲ್ಲಿ ಈ ಅಚ್ಚುಚಿತ್ರವನ್ನು ನಾವೇ ಹೋಗಿ ನೋಡಿದಾಗ, ಅದರ ಅರ್ಥವೇನೆಂದು ಮನೆಯ ಹಿರಿಯ ತಾಯಿಯೊಬ್ಬರನ್ನು ಕೇಳಿದೆವು. ಅವರು ನಕ್ಕು, “ಅದಕ್ಯಾತರ ಅರ್ಥರೀ? ಗಾಳಿ ಬಿಟ್ಟೈತಿ, ದೀಪಾ ಆರಬಾರ್ದಂತ ಕೈ ಅಡ್ಡ ಹಿಡದಾಳ, ಅಷ್ಟ” ಎಂದರು. ಬಯಲುಸೀಮೆಯ ಗಾಳಿಯಲ್ಲಿ ಪಣತಿಯನ್ನು ಅಡುಗೆಮನೆಯಿಂದ ಜಗಲಿಯವರೆಗೆ, ತುಳಸಿಕಟ್ಟೆಯವರೆಗೆ ಎಷ್ಟೋ ವರ್ಷ ಒಯ್ದ ಕೈಯ ಮಾತು ಅದು. ಈ ಚಿತ್ರವನ್ನು ಕುರಿತು ಇದಕ್ಕಿಂತ ಉತ್ತಮವಾದ ವಿಮರ್ಶಾವಾಕ್ಯವನ್ನು ನಾವು ಓದಿಲ್ಲ. ಆದರೆ ಆ ತಾಯಿ ಹೇಳಿದುದೂ ನಮ್ಮ ಪಕ್ಷಕ್ಕೇ ಸಲ್ಲುತ್ತದೆ. ಅವರು ಚಿತ್ರದಲ್ಲಿ ಪ್ರತೀಕವನ್ನು ಕಾಣಲಿಲ್ಲ. ಮನೆಗೆಲಸದಲ್ಲಿ ತೊಡಗಿದ ಒಬ್ಬ ಹೆಂಗಸನ್ನು ಕಂಡರು. ‘ದೀಪಲಕ್ಷ್ಮಿ’ ಎಂದು ಬರೆದವರು ಓದಿದ ನಾವು.

ಎರಡನೆಯ ಆಕ್ಷೇಪ ಚಿತ್ರದ ಗುಣದ ವಿಷಯವಾದುದು. ಇದು ಅಕಾಡೆಮಿಕ್ ಶೈಲಿಯ ಕೈಚಳಕ, ಬೆಳಕಿನ ಕಸರತ್ತು, ಎನ್ನುವವರಿದ್ದಾರೆ. ಈ ಮಾತನ್ನು ಪೂರ್ಣವಾಗಿ ತಳ್ಳಿಹಾಕಲು ನಮ್ಮಿಂದಾಗದು. ಮೈಸೂರಿನಲ್ಲಿ ನಾವು ಈ ಚಿತ್ರವನ್ನು ನೋಡಿದುದು ಕತ್ತಲು ಮಾಡಿದ ಮರೆಯೊಂದರಲ್ಲಿ. ನಮ್ಮ ಮುಂದೆ ನಿಂತವರೆಲ್ಲರೂ ಬೆಳಕು ನಿಜವೋ ಬಣ್ಣವೋ ಎಂದು ವಾದಿಸಿ, ಬೆರಗಾಗಿ, ಮುಂದೆ ಸಾಗಿದರು. ಮುಖವನ್ನು ನೋಡಿ ನಿಂತವರು ಕಡಿಮೆ. ಕೌಶಲ ತನ್ನನ್ನು ತಾನೇ ತೋರಿಸಿಕೊಂಡಷ್ಟೂ ವಿಷಯ ಹಿಂದೆ ಸರಿಯುತ್ತದೆ. ಈ ಅಪಾಯದಿಂದ ಹಳದಣಕರರ ಚಿತ್ರ ಸಂಪೂರ್ಣವಾಗಿ ಪಾರಾಗಿಲ್ಲ. ಆದರೆ ಕಸರತ್ತಷ್ಟೇ ಆಗಿದ್ದರೆ ಒಂದು ಬೆರಗಿನ ಬಳಿಕ ಅದು ಮುಗಿದುಹೋಗಬೇಕಿತ್ತು. ಅಚ್ಚಿನ ಪ್ರತಿಗಳಲ್ಲಿ ಬೆರಳಿನ ಕೆಂಪು ಮಾಸಿ, ಕತ್ತಲೆ ಕಂದಾಗಿ, ಕೈಚಳಕವೆಲ್ಲ ಅಳಿದಮೇಲೂ ಜನ ಅದನ್ನು ಗೋಡೆಯಿಂದ ಇಳಿಸಿಲ್ಲ. ಅಲ್ಲಿ ಉಳಿದಿರುವುದು ಬೆಳಕಿನ ಚಮತ್ಕಾರವಲ್ಲ, ಕೈಯ ಭಂಗಿ.

೭

ಒಟ್ಟಿನಲ್ಲಿ ನಮ್ಮ ನಿರ್ಣಯವಿಷ್ಟು. ಹಳದಣಕರರ ಈ ಚಿತ್ರವು ಕತ್ತಲೆಯಲ್ಲಿ ಬೆಳಗುವ ಭರವಸೆಯ ರೂಪಕವಾಗಿ ಚೆನ್ನಾಗಿದೆ. ಆದರೆ ತಂದೆಯೊಬ್ಬನು ಬೆಳೆದ ಮಗಳನ್ನು ಮನೆಯೊಳಗೆ, ಮನೆಗೆಲಸದ ಒಂದು ಕ್ಷಣದಲ್ಲಿ ಕಂಡು, ಅಳಿಸಲು ಬಾರದ ಬಣ್ಣದಲ್ಲಿ ಬರೆದ ಭಾವಚಿತ್ರವಾಗಿ ಇನ್ನೂ ಮೇಲಾದುದು. ಚಿತ್ರದ ಕೆಳಗೆ ಅಚ್ಚಾಗಬೇಕಾದ ಶೀರ್ಷಿಕೆ ‘ಮಗಳು ಗೀತಾ, ದೀಪದೊಡನೆ’ ಎಂಬಂತಿರಬೇಕೆಂದು ನಾವು ಸೂಚಿಸುತ್ತೇವೆ.

ಅಭ್ಯಾಸದ ಬರಹಗಳನ್ನು ಮರಳಿಸುವಾಗ ಈ ಸಂಗತಿಗಳನ್ನು ತರಗತಿಯಲ್ಲಿ ವಿವರಿಸಿ, ಮನೆಯ ಹೆಂಗಸರ ಚಿತ್ರಗಳನ್ನು ಕುರಿತು ಬರೆದವರೆಲ್ಲರೂ ಹೆಸರನ್ನು ಕೇಳಿ ತಿಳಿದು ಬರೆದು ತರಬೇಕೆಂದು ಹೇಳಿದೆವು. ಕೆಲವರಿಗೆ ಹೆಸರು ದೊರೆಯಲಿಲ್ಲ, ಬಲ್ಲವರು ತೀರಿಹೋಗಿದ್ದರು. ತಿಕೋಟಾದ ಒಬ್ಬ ವಿದ್ಯಾರ್ಥಿನಿಗೆ ಎರಡು ಹೆಸರುಗಳು ದೊರೆತವು: ಅಜ್ಜಿಯ ತವರಿನ ಹೆಸರೊಂದು, ಮದುವೆಯಲ್ಲಿ ಗಂಡನ ಮನೆಯವರು ಇಟ್ಟುದು ಇನ್ನೊಂದು. ಎರಡರಲ್ಲಿ ಯಾವುದನ್ನು ಬರೆಯಬೇಕೆಂದು ಆಕೆ ಕೇಳಿದಳು. ಎರಡನ್ನೂ ಬರೆಯಬೇಕೆಂದೂ, ತವರಿನ ಹೆಸರನ್ನು ಮೊದಲು ಬರೆಯಬೇಕೆಂದೂ ನಾವು ಹೇಳಿದೆವು.